ನಿಯಮಕ್ಕನ ಕೆಂಪು ಗುಂಡಿ

ಸ್ವೆಟರಿನ ಮೂರನೆಯ ಗುಂಡಿ ಒಂದೇ ಒಂದು ಎಳೆಗೆ ಜೋತುಬಿದ್ದಿತ್ತು. ಹೊಲಿಯಲು ಎರಡು ನಿಮಿಷ ಸಾಕು. ಆದರೆ ನಿಯಮಕ್ಕ ಹೊಲಿಯಲಿಲ್ಲ. 'ಗುಂಡಿ ಹೊಲಿಯುವುದು' ಎಂದು ಚೀಟಿಯಲ್ಲಿ ಬರೆದುಕೊಂಡಳು. ಅದು ಚೀಟಿಯ ಒಂಬತ್ತನೆಯ ಕೆಲಸ. ಎಂಟನೆಯದು ಮುಗಿಯದೆ ಒಂಬತ್ತಕ್ಕೆ ಹಾರುವ ಜಾಯಮಾನ ಅವಳದಲ್ಲ.

"ಅತ್ತಿಗೆ, ಗುಂಡಿ ನೇತಾಡ್ತಿದೆ," ಎಂದಳು ನಾದಿನಿ ಮೆಟ್ಟಿಲಿಳಿಯುತ್ತ.

"ಗೊತ್ತು. ಬರೆದಿಟ್ಟಿದ್ದೀನಿ."

"ನೀವು ಬರೆದಿಟ್ಟಿದ್ದು ಗುಂಡಿಗೆ ಗೊತ್ತಾ?"

ನಿಯಮಕ್ಕ ಎಂಬುದು ಅವಳಿಗೆ ಭಾನುವಾರದ ಆಟದ ಗುಂಪಿನವರು ಇಟ್ಟ ಹೆಸರು. ಹೊಟ್ಟೆಪಾಡಿಗೆ ವಿಮಾ ಕಚೇರಿಯಲ್ಲಿ ಅರ್ಜಿ ಪರಿಶೀಲಿಸುತ್ತಿದ್ದಳು. ಸಹಿ ಚೌಕದಿಂದ ಕೂದಲೆಳೆಯಷ್ಟು ಹೊರಗೆ ಬಂದರೂ ಅರ್ಜಿ ವಾಪಸು. ಅಲ್ಲಿ ಹದಿನಾಲ್ಕು ವರ್ಷ ದುಡಿದರೂ ಅವಳ ಒಂದು ವಾಕ್ಯವನ್ನು ಯಾರೂ ಪೂರ್ತಿ ಕೇಳಿರಲಿಲ್ಲ. "ನನಗನ್ನಿಸುವುದೇನೆಂದರೆ" ಎಂದು ಅವಳು ಶುರು ಮಾಡಿದರೆ, 'ಏನೆಂದರೆ' ಮುಗಿಯುವುದರೊಳಗೆ ಮ್ಯಾನೇಜರ್ ಫೋನು ಎತ್ತಿಕೊಂಡಿರುತ್ತಿದ್ದರು. ಮನೆಯಲ್ಲಿ ಗಂಡ ಪೂರ್ತಿ ಕೇಳುತ್ತಿದ್ದ. ಆದರೆ ಕೊನೆಗೆ "ಏನಂದೆ?" ಎನ್ನುತ್ತಿದ್ದ.

ಅವಳ ಮಾತಿಗೆ ಬೆಲೆಯಿದ್ದದ್ದು ಭಾನುವಾರ ಮಾತ್ರ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಅಂದು ರಜೆ. ರೋಗಿಗಳು ಕಾಯುವ ಕೋಣೆಯಲ್ಲಿ ಉದ್ದನೆಯ ಮೇಜು ಹಾಕಿಕೊಂಡು ಐದು ಜನ ಆಟಕ್ಕೆ ಕೂರುತ್ತಿದ್ದರು. ಆಟವೆಂದರೆ ಒಂದು ಕತೆ. ಅದನ್ನು ನಡೆಸುವವಳು ಡಾಕ್ಟರಮ್ಮ. ಕಣ್ಣೆದುರು ಏನಿದೆ ಎಂದು ಅವಳು ಹೇಳಬೇಕು, ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಉಳಿದವರು ಹೇಳಬೇಕು, ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಉರುಳಿಸಿ ನೋಡಬೇಕು. ಕಣ್ಣಿಗೆ ಕನ್ನಡಕ, ಕೈಗೆ ನಡುಕ ಬಂದ ಟೈಲರ್ ಮಾಸ್ಟರು ಇಲ್ಲಿ ಕೊಡಲಿ ಬೀಸುವ ದೈತ್ಯ. ವಾರವೆಲ್ಲ ಟ್ರಾಫಿಕ್ಕಿನಲ್ಲಿ ತೆವಳುವ ಬಸ್ಸಿನ ಡ್ರೈವರಣ್ಣ ಹಾರುವ ಮಾಂತ್ರಿಕ. ಪ್ರಾಥಮಿಕ ಶಾಲೆಯಲ್ಲಿ ನೀತಿಪಾಠ ಹೇಳುವ ನಾದಿನಿ ಕಳ್ಳಿ. ಮತ್ತು ಲಿಫ್ಟಿನಲ್ಲಿ ಒಬ್ಬಳೇ ಹೋಗಲು ಹೆದರಿ ಐದು ಮಹಡಿ ಹತ್ತುವ ನಿಯಮಕ್ಕ, ಸೇನಾಪತಿ.

ಈ ಸೇನಾಪತಿ ಮೂರು ಭಾನುವಾರದಿಂದ ಒಂದು ಸೇತುವೆಯ ಮುಂದೆ ನಿಂತಿದ್ದಳು. ಸೇತುವೆ ಕಾಯುವ ರಕ್ಕಸನನ್ನು ಬೇರೆಯವರಾಗಿದ್ದರೆ ಐದು ನಿಮಿಷದಲ್ಲಿ ಕೊಂದು ದಾಟುತ್ತಿದ್ದರು. ಸೇನಾಪತಿ ಅವನೊಡನೆ ಒಪ್ಪಂದ ಮಾಡಿಕೊಳ್ಳುತ್ತಿದ್ದಳು. ಹದಿನಾರು ಷರತ್ತು, ಒಂದೊಂದಕ್ಕೂ ಉಪಷರತ್ತು. ಇಂದು ಕೊನೆಯ ದಿನ. ಸಹಿಗೆ ಮುನ್ನ ಸೇನಾಪತಿ ಒಂದು ಭಾಷಣ ಮಾಡಬೇಕಿತ್ತು. ನಿಯಮಕ್ಕ ವಾರವಿಡೀ ಊಟದ ಬಿಡುವಿನಲ್ಲಿ ಅದನ್ನು ಬರೆದು, ತಿದ್ದಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡಿದ್ದಳು. ಒಂದು ಮಾತನ್ನು ಮೊದಲಿನಿಂದ ಕೊನೆಯವರೆಗೆ, ನಾಲ್ಕು ಜನ ಕೇಳುತ್ತಿರುವಾಗ ಹೇಳಿ ಮುಗಿಸಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಹನ್ನೊಂದು ಇಪ್ಪತ್ತೊಂಬತ್ತಕ್ಕೆ ಎದ್ದು ನಿಂತಳು. ಗಂಟಲು ಸರಿಮಾಡಿಕೊಂಡಳು.

"ಎಲೈ ರಕ್ಕಸನೇ, ಈ ನದಿ ನಿನ್ನದೂ ಅಲ್ಲ, ನನ್ನದೂ..."

ಟಿರ್ರ್ ಎಂದು ಅಲಾರಂ ಬಡಿದುಕೊಂಡಿತು. ಅವಳದೇ ಫೋನು. ಹನ್ನೊಂದೂವರೆಗೆ ಚಹಾ ಬಿಡುವು ಎಂಬ ನಿಯಮ ಅವಳದೇ.

"ಚಹಾ!" ಎಂದು ಡ್ರೈವರಣ್ಣ ಕುರ್ಚಿ ಹಿಂದಕ್ಕೆ ತಳ್ಳಿದ ರಭಸಕ್ಕೆ ದಾಳ ಮೂರು ಕೆಳಗೆ ಬಿದ್ದವು.

ಚಹಾದ ಹೊತ್ತಿಗೆ ಡಬ್ಬ ಬರಬೇಕು. ಇದೂ ನಿಯಮಕ್ಕನ ಕೊಡುಗೆ. ಕತೆಯಲ್ಲಿ ಏನಾದರೂ ಹಿಡಿಸದಿದ್ದರೆ ಬಾಯಿಬಿಟ್ಟು ಹೇಳಲು ಜನರಿಗೆ ಸಂಕೋಚವಾಗಬಹುದಲ್ಲ ಎಂದು ಮೊದಲ ದಿನವೇ ಅವಳು ಚಿಂತಿಸಿದ್ದಳು. ಬೇರೆ ಯಾರಿಗೂ ಆ ಚಿಂತೆ ಇರಲಿಲ್ಲ. ಚಿಂತೆಯ ವಿಷಯದಲ್ಲಿ ಇಡೀ ಗುಂಪಿನ ಪಾಲನ್ನು ಅವಳೊಬ್ಬಳೇ ಹೊರಬಲ್ಲವಳಾಗಿದ್ದಳು. ಟೈಲರ್ ಮಾಸ್ಟರು ಐದು ಬಟ್ಟೆಚೀಲ ಹೊಲಿದುಕೊಟ್ಟರು. ಒಂದೊಂದರಲ್ಲಿ ಒಂದು ಬಿಳಿ ಗುಂಡಿ, ಒಂದು ಕೆಂಪು ಗುಂಡಿ. ದಿನಕ್ಕೊಮ್ಮೆ ಒಬ್ಬೊಬ್ಬರೂ ಮುಷ್ಟಿ ಮುಚ್ಚಿ ಡಬ್ಬದೊಳಗೆ ಒಂದು ಗುಂಡಿ ಹಾಕಬೇಕು. ಬಿಳಿಯೆಂದರೆ ಮುಂದುವರಿಯಲಿ, ಕೆಂಪೆಂದರೆ ಈ ಪ್ರಸಂಗ ಇಲ್ಲಿಗೆ ನಿಲ್ಲಲಿ. ಒಂದು ಕೆಂಪಿದ್ದರೂ ನಿಲ್ಲಿಸಲೇಬೇಕು. ಹಾಕದೆ ಸುಮ್ಮನಿದ್ದರೆ ಅದೂ ಕೆಂಪಿನ ಲೆಕ್ಕವೇ, ಪಾಪ, ಕೆಲವರಿಗೆ ಹಾಕಲೂ ಭಯವಾಗಬಹುದು. ಶಬ್ದದಿಂದ ಗುಟ್ಟು ರಟ್ಟಾಗದಂತೆ ಡಬ್ಬದ ತಳಕ್ಕೆ ಹತ್ತಿ ಹಾಸಿರಬೇಕು. ಕತೆ ನಡೆಸುವವಳು ಒಳಗೆ ನೋಡಿ ಕೆಂಪು ಇದೆಯೋ ಇಲ್ಲವೋ ಎಂದಷ್ಟೇ ಹೇಳಬೇಕು, ಎಷ್ಟಿದೆ ಎನ್ನುವಂತಿಲ್ಲ. ಯಾರು ಹಾಕಿದ್ದು ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. ಒಳಗೆ ಬಿದ್ದ ಗುಂಡಿ ಆ ದಿನದ ಆಟ ಮುಗಿಯುವ ತನಕ ಹೊರಗೆ ಬರುವಂತಿಲ್ಲ. ಆರು ತಿಂಗಳಾಗಿತ್ತು. ಒಮ್ಮೆಯೂ ಕೆಂಪು ಬಿದ್ದಿರಲಿಲ್ಲ.

ನಿಯಮಕ್ಕ ತನ್ನ ಸರದಿ ಬಂದಾಗ ಡಬ್ಬವನ್ನು ಅಳುವ ಮಗುವಿನ ಹಾಗೆ ಎದೆಗವಚಿಕೊಂಡು, ಅದರ ಮೇಲೆ ಬಾಗಿ, ಬಿಳಿ ಗುಂಡಿ ಹಾಕಿದಳು. ಬಿಳಿಯೇ ಎಂದು ಮೂರು ಸಲ ನೋಡಿ ಹಾಕಿದಳು.

ಡಾಕ್ಟರಮ್ಮ ಡಬ್ಬದೊಳಗೆ ಇಣುಕಿದಳು. ಹುಬ್ಬು ಮೇಲೆ ಹೋಯಿತು. ಇನ್ನೊಮ್ಮೆ ಇಣುಕಿದಳು.

"ಕೆಂಪು ಇದೆ," ಎಂದಳು.

ಮಾಸ್ಟರು ಚಹಾದ ಲೋಟದೊಳಗೆ ನೋಡಿದರು. ನಾದಿನಿ ಉಗುರು ನೋಡಿಕೊಂಡಳು.

"ಹಾಗಿದ್ರೆ..." ಡಾಕ್ಟರಮ್ಮ ಒಂದೇ ಉಸಿರಿನಲ್ಲಿ ಹೇಳಿದಳು, "ಭಾರೀ ಪ್ರವಾಹ ಬಂತು, ಸೇತುವೆ ಕೊಚ್ಕೊಂಡು ಹೋಯ್ತು, ರಕ್ಕಸನೂ ಹೋದ, ನೀವೆಲ್ಲ ಹೇಗೋ ಆಚೆ ದಡ ಸೇರಿದ್ರಿ."

"ಅಯ್ಯೋ ಪಾಪ!" ಎಂದ ಡ್ರೈವರಣ್ಣ. ಬಸ್ಸು ಬೇಗ ಡಿಪೋ ಸೇರಿದಾಗ ಅವನ ಮುಖ ಹೀಗೇ ಬೆಳಗುತ್ತಿತ್ತು.

ಒಂದು ಗಂಟೆಯವರೆಗೆ ಆಚೆ ದಡದಲ್ಲಿ ಏನೇನು ನಡೆಯಿತೋ ನಿಯಮಕ್ಕನ ಕಿವಿಗೆ ಬೀಳಲಿಲ್ಲ. ಯಾರಿರಬಹುದು? ಯಾಕಿರಬಹುದು? ಒಪ್ಪಂದದ ಏಳನೆಯ ಷರತ್ತಿನಲ್ಲಿ 'ಬೆನ್ನು ಬಾಗಿದವರು' ಎಂಬ ಪದ ಬಂದಿತ್ತು, ಮಾಸ್ಟರಿಗೆ ನೋವಾಯಿತೇ? ಹೋದ ವಾರ ಮಾಂತ್ರಿಕನಿಗೆ "ಸ್ವಲ್ಪ ಸುಮ್ಮನಿರು" ಎಂದು ಆಜ್ಞೆ ಮಾಡಿದ್ದಳು, ಡ್ರೈವರಣ್ಣ ಮನಸ್ಸಿಗೆ ಹಚ್ಚಿಕೊಂಡನೇ? ಯಾರದೋ ಮನಸ್ಸು ತನ್ನಿಂದ ನೊಂದಿದೆ, ಅವರನ್ನು ಹುಡುಕಿ ಕ್ಷಮೆ ಕೇಳಬೇಕು. ಕ್ಷಮೆ ಸಿಕ್ಕರೆ ಸೇತುವೆಯೂ ಮರಳಿ ಸಿಕ್ಕೀತು ಎಂಬುದು ಆ ಯೋಚನೆಯ ಕೊನೆಯಲ್ಲಿ ಬಾಲದ ಹಾಗೆ ಇತ್ತು.

ಊಟದ ಬಿಡುವಾಯಿತು. ಕೇಳುವಂತಿಲ್ಲ ಎಂದು ನಿಯಮವಿದೆ ನಿಜ. ಆದರೆ ಬರೆಯುವಂತಿಲ್ಲ ಎಂದಿಲ್ಲವಲ್ಲ? ಔಷಧದ ಕಪಾಟಿನ ಮರೆಯಲ್ಲಿ ನಿಂತು ಫೋನಿನಲ್ಲಿ ಗುಂಪಿಗೆ ಬರೆದಳು: 'ಯಾರನ್ನೂ ಉದ್ದೇಶಿಸಿ ಅಲ್ಲ. ಯಾರಿಗಾದರೂ ನನ್ನಿಂದ ಬೇಸರವಾಗಿದ್ದರೆ ದಯವಿಟ್ಟು ತಿಳಿಸಬಾರದು, ಆದರೆ ತಿಳಿಸಬೇಕೆನಿಸಿದರೆ ತಿಳಿಸಬಹುದು.' ಕಳಿಸಿದ ಮೇಲೆ ಓದಿದಳು. ಬೆವರು ಬಂತು. ಅಳಿಸಿದಳು. ಸ್ವಲ್ಪ ತಿದ್ದಿ ಮತ್ತೆ ಕಳಿಸಿದಳು. ಅಳಿಸಿದಳು. ಇನ್ನೂ ಸ್ವಲ್ಪ ತಿದ್ದಿ ಕಳಿಸಿದಳು. ಅಳಿಸಿದಳು. ಪ್ರತಿ ಸಲವೂ ಪಕ್ಕದ ಕೋಣೆಯಲ್ಲಿ ನಾಲ್ಕು ಫೋನು ಒಟ್ಟಿಗೆ ಟಿಂಗ್ ಎಂದವು.

"ಏನಕ್ಕಾ, ಮೂರು ಮೆಸೇಜ್ ಅಳಿಸಿದ್ದೀರಲ್ಲ," ಎಂದು ಡ್ರೈವರಣ್ಣ ಊಟದ ಡಬ್ಬಿ ಹಿಡಿದೇ ಇಣುಕಿದ. "ಮನೇಲಿ ಎಲ್ಲ ಆರಾಮಾ?"

"ಆರಾಮು. ಡ್ರೈವರಣ್ಣ, ನಾನು ಏನೂ ಕೇಳ್ತಿಲ್ಲ. ಸುಮ್ನೆ ಒಂದು ಮಾತು. ಯಾರಾದ್ರೂ ಯಾರಿಗಾದ್ರೂ ಸುಮ್ಮನಿರು ಅಂದಿದ್ರೆ..."

"ನಾನಲ್ಲ!"

"ನಾನಿನ್ನೂ ಕೇಳೇ ಇಲ್ಲ."

"ಕೇಳಿದ್ರೂ ನಾನಲ್ಲ. ನನ್ನ ಸ್ಟೇರಿಂಗ್ ಆಣೆ." ತುತ್ತು ಗಂಟಲಲ್ಲಿ ಸಿಕ್ಕಿಕೊಂಡು ಕೆಮ್ಮಿದ. "ಮಾಸ್ಟ್ರನ್ನ ಕೇಳಿ ನೋಡಿ. ಅಂದ್ರೆ ಕೇಳ್ಬೇಡಿ. ನಿಯಮ ಇದೆಯಲ್ಲ."

ಮಾಸ್ಟರು ಒಳಗಿನ ಕೋಣೆಯಲ್ಲಿದ್ದರು. ಊಟವಾದ ಮೇಲೆ ರೋಗಿಯ ಕುರ್ಚಿಯಲ್ಲಿ ಒರಗಿ ಹತ್ತು ನಿಮಿಷ ಕಣ್ಣು ಮುಚ್ಚುವುದು ಅವರ ಅಭ್ಯಾಸ. ನಿಯಮಕ್ಕ ಮೆಲ್ಲಗೆ ಹತ್ತಿರ ಹೋದಳು. ಎಬ್ಬಿಸುವುದು ಸರಿಯೇ? ಎಬ್ಬಿಸದಿದ್ದರೆ ಬಿಡುವು ಮುಗಿಯುತ್ತದೆ. ಒಂದು ಹೆಜ್ಜೆ ಮುಂದಿಟ್ಟಳು. ಹೆಜ್ಜೆ ಬಿದ್ದದ್ದು ಕುರ್ಚಿಯ ಪೆಡಲಿನ ಮೇಲೆ.

ಗುಂಯ್ ಎಂದು ಕುರ್ಚಿ ಮೇಲೇಳತೊಡಗಿತು. ಮಾಸ್ಟರು ಕಣ್ಣು ಬಿಟ್ಟರೆ ಚಾವಣಿ ಹತ್ತಿರ ಬರುತ್ತಿತ್ತು.

"ಅಯ್ಯಯ್ಯೋ! ಯಾರದು? ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಿ?"

"ನಾನು ಮಾಸ್ಟ್ರೇ, ಗಾಬರಿ ಆಗ್ಬೇಡಿ!" ಗಾಬರಿಯಿಂದ ಅವಳು ಇನ್ನೊಂದು ಪೆಡಲು ತುಳಿದಳು. ಈಗ ಕುರ್ಚಿಯ ಬೆನ್ನು ಕೆಳಗಿಳಿಯಿತು. ಮಾಸ್ಟರ ಕಾಲು ಮೇಲಾಯಿತು, ತಲೆ ಕೆಳಗಾಯಿತು, ಕನ್ನಡಕ ಹಣೆಗೆ ಸರಿಯಿತು. ಆ ಭಂಗಿಯಲ್ಲೇ ಅವಳು ಕೇಳಿಬಿಟ್ಟಳು, "ಬೆನ್ನು ಬಾಗಿದವರು ಅಂದಿದ್ದಕ್ಕೆ ನಿಮಗೆ ಬೇಜಾರಾಯ್ತಾ?"

"ನನ್ನನ್ನ ಮೊದಲು ಇಳಿಸಮ್ಮಾ! ನಾನಲ್ಲ! ನಾನು ಬಿಳೀನೇ ಹಾಕಿದ್ದು! ನಲವತ್ತು ವರ್ಷ ಗುಂಡಿ ಹಚ್ಚಿದ್ದೀನಿ, ಕೆಂಪು ಬಿಳಿ ತಿಳಿಯಲ್ವಾ?"

ಅವರನ್ನು ನೆಲಕ್ಕೆ ಇಳಿಸುವ ಹೊತ್ತಿಗೆ ನಿಯಮಕ್ಕನ ಪಟ್ಟಿಯಲ್ಲಿ ಉಳಿದವರು ಇಬ್ಬರು.

ನಾದಿನಿ ಬೇಸಿನ್ನಿನಲ್ಲಿ ಡಬ್ಬಿ ತೊಳೆಯುತ್ತಿದ್ದಳು. ಅತ್ತಿಗೆಯ ಮುಖ ಕಂಡ ಕೂಡಲೇ, "ನಿಮ್ಮಾಣೆ ಅತ್ತಿಗೆ, ನಾನಲ್ಲ," ಎಂದಳು. "ಹದಿಮೂರನೇ ಷರತ್ತು ಬಂದಾಗ ನಂಗೆ ಕಣ್ಣಲ್ಲಿ ನೀರೇ ಬಂತು."

ಆಗ ಆಕಳಿಸಿದ್ದಕ್ಕೆ ಕಣ್ಣಲ್ಲಿ ನೀರು ಬಂದಿರಬಹುದೆಂದು ನಿಯಮಕ್ಕನಿಗೆ ಹೊಳೆಯಲಿಲ್ಲ. ಎಷ್ಟು ಗಮನವಿಟ್ಟು ನೋಡಿದರೂ ತನಗೆ ಸಂಬಂಧಪಟ್ಟದ್ದು ಮಾತ್ರ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಿದ್ದರೆ ಡಾಕ್ಟರಮ್ಮನೇ! ಕತೆ ನಡೆಸುವವಳೇ ಬೇಸತ್ತರೆ ಸೇನಾಪತಿಗೆ ಇನ್ನೆಲ್ಲಿ ನೆಲೆ? ಮುಖ ತೊಳೆದುಕೊಳ್ಳೋಣವೆಂದು ಬೇಸಿನ್ನಿಗೆ ಬಾಗಿ ತಲೆ ಎತ್ತಿದಳು. ಎದುರಿಗೆ ದೊಡ್ಡ ಕನ್ನಡಿ.

ಕನ್ನಡಿಯಲ್ಲಿ ಒಂದು ಕೆಂಪು ಸ್ವೆಟರು. ಅದರ ಮೇಲೆ ಒಂದನೆಯ ಕೆಂಪು ಗುಂಡಿ, ಎರಡನೆಯ ಕೆಂಪು ಗುಂಡಿ, ಆಮೇಲೆ ಒಂದು ತುಂಡು ದಾರ, ಆಮೇಲೆ ನಾಲ್ಕನೆಯ ಕೆಂಪು ಗುಂಡಿ.

ಡಬ್ಬವನ್ನು ಎದೆಗವಚಿಕೊಂಡದ್ದು ನೆನಪಾಯಿತು. ಬಾಗಿದ್ದು ನೆನಪಾಯಿತು. ಶಬ್ದ ಬಾರದಂತೆ ಹಾಸಿದ ಹತ್ತಿ ನೆನಪಾಯಿತು.

"ಯಾರೂ ಅಲ್ಲ!" ಎಂದು ಕೂಗುತ್ತ ಅವಳು ಕಾಯುವ ಕೋಣೆಗೆ ಓಡಿಬಂದಳು. ಜೀವಮಾನದಲ್ಲಿ ಅವಳು ಅಷ್ಟು ಜೋರಾಗಿ ಹೇಳಿದ ಮಾತು ಅದೇ ಮೊದಲು. "ಯಾರಿಗೂ ಬೇಸರ ಆಗಿಲ್ಲ! ಅದು ನನ್ನ ಗುಂಡಿ! ಸ್ವೆಟರಿಂದು! ನನ್ನ ದಡ್ಡತನಕ್ಕೆ ಎಲ್ಲರೂ ಸುಮ್ನೆ ಅಪವಾದ ಹೊತ್ಕೊಂಡ್ರಿ!"

ಎಲ್ಲರೂ ಕುಣಿದಾಡುತ್ತಾರೆಂದು ಅವಳು ಎಣಿಸಿದ್ದಳು. ಯಾರೂ ಕುಣಿಯಲಿಲ್ಲ.

"ಹೌದಾ," ಎಂದ ಡ್ರೈವರಣ್ಣ.

"ಡಬ್ಬ ತೆಗೀರಿ ಡಾಕ್ಟ್ರೇ. ನನ್ನ ಗುಂಡಿ ಇರುತ್ತೆ, ಐದು ಬಿಳಿ ಇರುತ್ತೆ. ಸೇತುವೆ ವಾಪಸ್ ಬರುತ್ತೆ."

"ಒಳಗಿನ ಗುಂಡಿ ಹೊರಗೆ ಬರೋ ಹಾಗಿಲ್ಲ ಅಂತ ನಿಮ್ದೇ ನಿಯಮ ಅಲ್ವಾ?" ಡಾಕ್ಟರಮ್ಮನ ಧ್ವನಿ ಸಣ್ಣದಾಗಿತ್ತು.

"ಹೊರಗೆ ತೆಗೀಬೇಡಿ. ಎಲ್ಲರೂ ಇಣುಕಿ ನೋಡೋಣ."

"ಬಿಡಿ ಅತ್ತಿಗೆ, ಆಗಿದ್ದಾಯ್ತು," ಎಂದಳು ನಾದಿನಿ. "ಆಚೆ ದಡಾನೂ ಚೆನ್ನಾಗಿದೆ."

"ನೆರೆ ಇಳಿಯೋಕೆ ಟೈಮ್ ಬೇಕು," ಎಂದರು ಮಾಸ್ಟರು.

ನಿಯಮಕ್ಕನ ಕಣ್ಣಿಗೆ ಇದೆಲ್ಲ ಸಭ್ಯತೆಯಾಗಿ ಕಂಡಿತು. ತನ್ನ ದಡ್ಡತನ ಮುಚ್ಚಿಹಾಕಲು ಎಷ್ಟು ಪಾಡು ಪಡುತ್ತಿದ್ದಾರೆ ಪಾಪ ಎಂದು ಹೃದಯ ತುಂಬಿ ಬಂತು. ತಾನೇ ಹೋಗಿ ಡಬ್ಬದ ಮುಚ್ಚಳ ತೆಗೆದಳು.

ಬೆಳ್ಳಗಿನ ಹತ್ತಿಯ ಮೇಲೆ ಅವಳ ಸ್ವೆಟರಿನ ಗುಂಡಿ ಇತ್ತು. ಎರಡು ತೂತಿನದು, ತೂತಿನಲ್ಲಿ ದಾರ. ಪಕ್ಕದಲ್ಲಿ ಒಂದು ಬಿಳಿ ಗುಂಡಿ. ಅವುಗಳ ಸುತ್ತ ಮಾಸ್ಟರು ಕೊಟ್ಟ ನಾಲ್ಕು ತೂತಿನ ಗುಂಡಿಗಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಕೆಂಪು.

ಅರ್ಜಿ ಪರಿಶೀಲಿಸುವ ಅಭ್ಯಾಸದಿಂದ ಅವಳು ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ಎಣಿಸಿದಳು. ಹೊಂದಿಕೆಯಾಯಿತು.

"ಆರು ಗುಂಡಿ ನೋಡಿ," ಡಾಕ್ಟರಮ್ಮ ಮೆಲ್ಲಗೆ ಹೇಳಿದಳು, "ಯಾರೋ ತಡೀಲಾರದೆ ಮನೆಯಿಂದ ಇನ್ನೊಂದು ಕೆಂಪು ತಂದು ಹಾಕಿದ್ದಾರೆ ಅಂದ್ಕೊಂಡೆ."

"ನೀವೂನಾ ಡಾಕ್ಟ್ರೇ?"

"ಮೂರು ವಾರದಿಂದ ರಕ್ಕಸನ ಧ್ವನಿ ತೆಗೀತಿದ್ದೀನಿ ನಿಯಮಕ್ಕಾ. ಸೋಮವಾರ ಬೆಳಗ್ಗೆ ಬಾಯಿ ತೆಗೀರಿ ಅಂದ್ರೆ ರೋಗಿಗಳು ಎದ್ದು ಓಡ್ತಾರೆ."

"ನನ್ನ ಮಾಂತ್ರಿಕ ಹಾರೋನು," ಎಂದ ಡ್ರೈವರಣ್ಣ ತಲೆ ತಗ್ಗಿಸಿ. "ಮೂರು ವಾರದಿಂದ ನೆಲದ ಮೇಲೆ ಕೂತು ಉಪಷರತ್ತು ಕೇಳ್ತಿದ್ದಾನೆ. ಸಿಗ್ನಲ್ಲಲ್ಲೂ ಇಷ್ಟು ಹೊತ್ತು ನಿಂತಿಲ್ಲ ನಾನು."

ಮಾಸ್ಟರು ಕನ್ನಡಕ ಒರೆಸಿದರು. ನಾದಿನಿ, "ಮನೇಲೂ ಕೇಳಿದ್ದೆ ಅತ್ತಿಗೆ ಆ ಭಾಷಣ. ಬಚ್ಚಲ ಬಾಗಿಲಿಂದ. ಏಳು ಸಲ," ಎಂದು ಅಳುವ ದನಿಯಲ್ಲಿ ಹೇಳಿದಳು.

ನಿಯಮಕ್ಕ ಕುರ್ಚಿಯಲ್ಲಿ ಕೂತಳು. ಅಳಲಿಲ್ಲ. ಭಾಷಣದ ಚೀಟಿಯನ್ನು ನಾಲ್ಕಾಗಿ ಮಡಚಿ, ಆಮೇಲೆ ಎಂಟಾಗಿ ಮಡಚಿ, ಇನ್ನು ಮಡಚಲಾಗದಷ್ಟು ಚಿಕ್ಕದು ಮಾಡಿದಳು. ಅದನ್ನು ನೋಡಿ ನಾಲ್ವರಿಗೂ ಕರುಳು ಚುರುಕ್ ಎಂದಿತು.

"ನೋಡಿ," ಎಂದರು ಮಾಸ್ಟರು, "ಇನ್ನೊಂದು ಸಲ ಗುಂಡಿ ಹಾಕೋಣ. ನೆರೆ ಬಂದಿದ್ದು ಸೇನಾಪತಿಗೆ ಬಿದ್ದ ಕನಸು ಅಂತ ಮಾಡಿದ್ರಾಯ್ತು. ಏನಂತೀರಿ?"

"ಹಾಕೋಣ ಹಾಕೋಣ," ಎಂದರು ಎಲ್ಲರೂ. ಡ್ರೈವರಣ್ಣ ಎರಡೂ ಕೈ ಎತ್ತಿದ. "ಭಾಷಣ ಪೂರ್ತಿ ಕೇಳೋಣ. ಅಲಾರಂ ನಾನೇ ಆಫ್ ಮಾಡ್ತೀನಿ."

ಅವಳ ಕಣ್ಣು ಈಗ ತುಂಬಿತು. ಇವರು ನಿಜವಾದ ಗೆಳೆಯರು!

ಗುಂಡಿಗಳನ್ನು ವಾಪಸು ಹಂಚಲೆಂದು ಡಾಕ್ಟರಮ್ಮ ಡಬ್ಬವನ್ನು ಮೇಜಿನ ಮೇಲೆ ಸುರಿಯಲು ಎತ್ತಿದಳು.

"ಬೇಡ!" ಎಂದಳು ನಿಯಮಕ್ಕ. ಇಷ್ಟು ಅವಮಾನದ ನಡುವೆ ಹಿಡಿದುಕೊಳ್ಳಲು ಅವಳಿಗೆ ಇದ್ದ ಕಂಬಿ ನಿಯಮ ಒಂದೇ. "ಒಳಗೆ ಬಿದ್ದದ್ದು ಆಟ ಮುಗಿಯೋ ತನಕ ಹೊರಗೆ ಬರಬಾರದು. ನನಗೋಸ್ಕರ ನಿಯಮ ಮುರೀಬೇಡಿ. ಅದನ್ನ ಟೇಪು ಹಚ್ಚಿ ಎತ್ತಿಡಿ. ಇನ್ನೊಂದು ಡಬ್ಬ ತನ್ನಿ. ಚೀಲದಲ್ಲಿ ಒಂದೊಂದು ಗುಂಡಿ ಉಳಿದಿದೆಯಲ್ಲ, ಅದು ಸಾಕು."

ಡಾಕ್ಟರಮ್ಮ ಗಾಯಕ್ಕೆ ಹಚ್ಚುವ ಟೇಪಿನಿಂದ ಡಬ್ಬ ಮುಚ್ಚಿ, ಕೈಗವಸಿನ ಖಾಲಿ ಪೆಟ್ಟಿಗೆ ತಂದು ಮುಂದಿಟ್ಟಳು. ಮಾಸ್ಟರು ಹಾಕಿದರು. ಡ್ರೈವರಣ್ಣ ಮುಷ್ಟಿಗೆ ಮುತ್ತು ಕೊಟ್ಟು ಹಾಕಿದ. ನಾದಿನಿ ಹಾಕಿ ಅತ್ತಿಗೆಯ ಭುಜ ತಟ್ಟಿದಳು. ಡಾಕ್ಟರಮ್ಮ ಹಾಕಿ ಪೆಟ್ಟಿಗೆಯನ್ನು ನಿಯಮಕ್ಕನ ಕಡೆ ಸರಿಸಿದಳು.

ನಿಯಮಕ್ಕ ಚೀಲದೊಳಗೆ ಎರಡು ಬೆರಳು ಹಾಕಿದಳು. ಒಂದೇ ಗುಂಡಿ ಸಿಕ್ಕಿತು.

ಬೆರಳು ಅಲ್ಲೇ ನಿಂತಿತು.

ಬೆಳಗ್ಗೆ ನಾಲ್ವರೂ ಕೆಂಪು ಹಾಕಿದ್ದರು, ಆದ್ದರಿಂದ ಅವರಿಗೆ ಬಿಳಿ ಉಳಿದಿತ್ತು. ಬಿಳಿ ಹಾಕಿದವಳು ಅವಳೊಬ್ಬಳೇ.

ಹಾಕದೆ ಬಿಟ್ಟರೆ ಕೆಂಪಿನ ಲೆಕ್ಕ. ಹಾಕಿದರೆ ಕೆಂಪೇ. ಯಾವುದನ್ನು ಹಾಕಿದೆ, ಯಾಕೆ ಹಾಕಿದೆ ಎಂದು ಹೇಳುವಂತಿಲ್ಲ. ಅವಳ ಕಣ್ಣು ಗೋಡೆಯ ಕಡೆ ಹೋಯಿತು. ದಿನಕ್ಕೆರಡು ಸಲ ಹಲ್ಲುಜ್ಜಿ ಎಂಬ ಚಿತ್ರದ ಪಕ್ಕದಲ್ಲಿ ಅವಳೇ ಚೌಕಟ್ಟು ಹಾಕಿಸಿ ತೂಗಿಸಿದ ನಿಯಮಗಳು, ಕೆಳಗೆ ಐದು ಸಹಿ. ಮೊದಲನೆಯ ಸಹಿ ಅವಳದೇ, ಒಂದಿಷ್ಟೂ ಚೌಕ ದಾಟಿರಲಿಲ್ಲ.

"ಹೂಂ, ಹಾಕಿ ಅಕ್ಕಾ," ಎಂದ ಡ್ರೈವರಣ್ಣ. "ನಾಚ್ಕೋಬೇಡಿ."

ಅವಳು ಹಾಕಿದಳು.

ಡಾಕ್ಟರಮ್ಮ ಇಣುಕಿದಳು. ಹುಬ್ಬು ಬೆಳಗಿನಷ್ಟೇ ಮೇಲೆ ಹೋಯಿತು. ಪೆಟ್ಟಿಗೆ ಅಲ್ಲಾಡಿಸಿ ಮತ್ತೆ ಇಣುಕಿದಳು.

"ಕೆಂಪು ಇದೆ," ಎಂದಳು.

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವರ ಕಣ್ಣು ಸಂಶಯದಿಂದ ನಾದಿನಿಯ ಮೇಲೆ ನಿಂತಿತು. ನಿಯಮಕ್ಕ ಬಾಯಿ ತೆರೆದಳು. "ನನಗನ್ನಿಸುವುದೇನೆಂದರೆ..."

"ಬೇಡ ನಿಯಮಕ್ಕಾ, ನಿಯಮ ನಿಯಮವೇ," ಡಾಕ್ಟರಮ್ಮ ಕರುಣೆಯಿಂದ ಅವಳ ಕೈ ಹಿಡಿದಳು. "ಯಾರು ಅಂತ ಕೇಳೋ ಹಾಗಿಲ್ಲ. ಪ್ರವಾಹ ಮತ್ತೆ ಬಂತು. ಈ ಸಲ ನಿಜವಾದದ್ದು."

ಗುಂಡಿಯಿಲ್ಲದ ಜಾಗದಿಂದ ಫ್ಯಾನಿನ ಗಾಳಿ ನೇರ ಎದೆಗೆ ಬಡಿಯುತ್ತಿತ್ತು. ಗುಂಡಿ ಟೇಪು ಹಚ್ಚಿದ ಡಬ್ಬದಲ್ಲಿತ್ತು, ಸಂಜೆಯ ತನಕ ಹೊರಗೆ ಬರುವಂತಿರಲಿಲ್ಲ. ಸೇನಾಪತಿ ಕೈ ಕಟ್ಟಿ ಆಚೆ ದಡದಲ್ಲಿ ಕೂತಳು.

ನಾದಿನಿ ಕುರ್ಚಿ ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಪಿಸುಗುಟ್ಟಿದಳು.

"ಅತ್ತಿಗೆ, ನಿಮ್ಮಾಣೆ, ನಾನಲ್ಲ. ಈ ಸಲ ನಿಜವಾಗ್ಲೂ ನಾನಲ್ಲ."